ಗುಳಿಗೆಗಳಿಗೂ ಉಪವಾಸ

ಅಂಬುಬಾಯಿಯವರ ದನಿ ನಾಲ್ಕು ಗೋಡೆಯೊಳಗೆ ಹಿಡಿಯುವಂಥದ್ದಲ್ಲ. ಉಪ್ಪಲ್‌ನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ತೆಲುಗಿನಲ್ಲಿ ಕೊತ್ತಂಬರಿಯ ರೇಟು ಕೇಳಿದರೆ, ಕೆಳಗಿನ ಗಾಡಿಯವನಷ್ಟೇ ಅಲ್ಲ, ಆಚೆ ಓಣಿಯವನೂ ಬ್ರೇಕು ಹಾಕಿ ಉತ್ತರ ಕೊಡುತ್ತಾನೆ. ಸೀರೆ ಅಂಗಡಿಯಲ್ಲಿ ಉರ್ದು, ಆಟೊದವನ ಹತ್ತಿರ ಹಿಂದಿ, ಮನೆಯೊಳಗೆ ರಾಯಚೂರಿನ ಕನ್ನಡ. ಯಾವ ಭಾಷೆಯಲ್ಲೂ ರೇಟು ಕೇಳಲು ಅವರಿಗೆ ನಾಚಿಕೆಯಿಲ್ಲ. ಒಬ್ಬ ಮನುಷ್ಯನ ಮುಂದೆ ಮಾತ್ರ ಆ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಡಾಕ್ಟರ ಮುಂದೆ.

ವಯಸ್ಸಿನಲ್ಲಿದ್ದಾಗ ಅವರು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಬೇರೆ ಊರಿಗೆ ಫೋನು ಮಾಡಬೇಕೆಂದರೆ ಎಕ್ಸ್‌ಚೇಂಜಿನಲ್ಲಿ ಕಾಲ್ ಬುಕ್ ಮಾಡಬೇಕಿತ್ತು. ಆಪರೇಟರ್ ಬೋರ್ಡಿನಲ್ಲಿ ತಂತಿ ಚುಚ್ಚಿ ಆ ಊರನ್ನೂ ಈ ಊರನ್ನೂ ಕೂಡಿಸುತ್ತಿದ್ದಳು. ಆರ್ಡಿನರಿ ಎಂದರೆ ಸರದಿ ಬರುವ ತನಕ ಕಾಯಬೇಕು. ಅರ್ಜಂಟ್ ಎಂದರೆ ಎರಡು ಪಟ್ಟು ಚಾರ್ಜು. ಲೈಟ್ನಿಂಗ್ ಎಂದರೆ ಎಂಟು ಪಟ್ಟು, ಆದರೆ ಹೆಸರಿಗೆ ತಕ್ಕ ಹಾಗೆ ಮಿಂಚಿನಂತೆ ಲೈನು. ಗಾಬರಿಯಾದ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತು? ಬಾಯಿಗೆ ಬಂದದ್ದು ಹೇಳುತ್ತಿದ್ದರು.

"ಲೈಟ್ನಿಂಗ್ ಹಾಕ್ರಿ ಅಕ್ಕಾರ, ನಮ್ಮ ಮಗಳು ಹಡದಾಳ!"

"ಹಡದಾಳಲ್ಲ? ತಾಯಿ ಕೂಸು ಆರಾಮ ಇದ್ದಾರಲ್ಲ? ಹಂಗಾದ್ರ ಆರ್ಡಿನರಿ ಹಾಕ್ತೀನಿ. ಕೂಸು ಎಲ್ಲೂ ಓಡಿ ಹೋಗೂದಿಲ್ಲ. ಉಳದ ರೊಕ್ಕದಾಗ ಅದರ ತಲಿಗೆ ಒಂದು ಕುಲಾಯಿ ತೊಗೊಳ್ರಿ."

ಹೀಗೆ ಹೇಳಬೇಕೆಂದು ಇಲಾಖೆ ಅವರಿಗೆ ಹೇಳಿರಲಿಲ್ಲ. ಲೈನು ಕೊಡುವ ಮುಂಚೆ ಚಾರ್ಜು ಹೇಳುವುದು, ಮೂರು ನಿಮಿಷವಾದ ಕೂಡಲೇ ನಡುವೆ ಬಂದು "ಮೂರು ನಿಮಿಷ ಆತ್ರಿ, ಎಕ್ಸ್‌ಟೆಂಡ್ ಮಾಡ್ಲೇನು?" ಎಂದು ಕೇಳುವುದು ಅವರ ಪಾಲಿಗೆ ಪೂಜೆಯ ಹಾಗೆ. ಆಮೇಲೆ ಮಗ ಹೇಮಂತ ಹುಟ್ಟಿದ. ಅಂಗೈಯಷ್ಟು ಕೂಸು, ಕೂತರೆ ಕೆಮ್ಮು, ನಿಂತರೆ ಜ್ವರ. ಅಂಬುಬಾಯಿ ರಾಜೀನಾಮೆ ಬರೆದುಕೊಟ್ಟು ಹೆಡ್‌ಸೆಟ್ ಇಳಿಸಿ ಬಂದರು. ದನಿಯನ್ನೇನೂ ಅಲ್ಲಿ ಬಿಟ್ಟು ಬರಲಿಲ್ಲ.

ಅವರ ಯಜಮಾನರು ನರಸಿಂಹರಾಯರು ವಕೀಲರು. ಮೆಹದಿಪಟ್ಟಣಂನ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಫೀಸು ಹೇಳಿದವರಲ್ಲ. ಕಕ್ಷಿಗಾರರು ಮೇಜಿನ ಮೇಲಿನ ಪುಸ್ತಕದ ಕೆಳಗೆ ಏನೋ ಇಟ್ಟು ಹೋಗುತ್ತಿದ್ದರು. ಕೆಲವರು ನಮಸ್ಕಾರ ಮಾತ್ರ ಇಟ್ಟು ಹೋಗುತ್ತಿದ್ದರು. ಡಾಕ್ಟರ ವಿಷಯದಲ್ಲೂ ಅವರದು ಅದೇ ಕಾನೂನು. "ವೈದ್ಯರ ಮುಂದ ರೇಟಿನ ಮಾತು ತಗೀಬ್ಯಾಡ ಅಂಬೂ. ಕೈಗುಣ ಹೋಗ್ತದ." ರಾಯರು ಹೋದರು, ಕಾನೂನು ಉಳಿಯಿತು. ಜೊತೆಗೆ ಬ್ಯಾಂಕಿನಲ್ಲಿ ಒಂದು ಸಣ್ಣ ಠೇವಣಿ. ಅದರ ಬಡ್ಡಿಯಲ್ಲಿ ತಮ್ಮ ಔಷಧ ತಾವೇ ಕೊಳ್ಳುವುದು ಅಂಬುಬಾಯಿಯ ದೊಡ್ಡ ಹೆಮ್ಮೆ. ಮಗ ನೀರಿನ ಇಲಾಖೆಯಲ್ಲಿ ಇಂಜಿನಿಯರ್, ಸೊಸೆ ಪ್ರಿಯಂವದಾ ಊರಿನ ಆ ತುದಿಯ ಗಚ್ಚಿಬೌಲಿಯ ಕಂಪನಿಯಲ್ಲಿ, ಇಬ್ಬರೂ ಕೊಡುವವರೇ. ಆದರೆ "ನನ್ನ ಗುಳಿಗಿ ನನ್ನ ರೊಕ್ಕದ್ದು" ಎಂದುಕೊಂಡು ಮೆಡಿಕಲ್ ಶಾಪಿನ ಮೆಟ್ಟಿಲಿಳಿಯುವ ಸುಖವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಹೋದ ವರ್ಷ ಎದೆ ಹಿಡಿದ ಹಾಗಾಗಿ, ಬೀದರ ಕಡೆಯ ಡಾಕ್ಟರ್ ಮಹೇಶಕುಮಾರ ಎದೆಗೂ ರಕ್ತದೊತ್ತಡಕ್ಕೂ ಹೊಸ ಗುಳಿಗೆಗಳನ್ನು ಬರೆದುಕೊಟ್ಟರು. ಒಳ್ಳೆಯ ಮನುಷ್ಯ, ಕನ್ನಡದಲ್ಲಿ ಮಾತಾಡುತ್ತಾರೆ, ನಾಡಿ ಹಿಡಿದಾಗ ಗಡಿಯಾರದ ಜೊತೆಗೆ ಮುಖವನ್ನೂ ನೋಡುತ್ತಾರೆ. ಅವರ ಚೀಟಿ ಹಿಡಿದು ಅಂಗಡಿಗೆ ಹೋದರೆ, ಬಿಲ್ಲು ನೋಡಿಯೇ ಮತ್ತೊಮ್ಮೆ ಎದೆ ಹಿಡಿಯಿತು. ಬಡ್ಡಿಯ ಹಣ ತಿಂಗಳ ಕೊನೆಯ ತನಕ ಎಳೆದರೂ ಮುಟ್ಟಲಿಲ್ಲ.

ಉಪಾಯವನ್ನು ಅವರು ಹುಡುಕಲಿಲ್ಲ, ಅದೇ ಬಂತು. ಏಕಾದಶಿಗೆ ಅವರದು ನಿರ್ಜಲ ಉಪವಾಸ. ನೀರೇ ಇಲ್ಲದ ಮೇಲೆ ಗುಳಿಗೆ ಎಲ್ಲಿಯದು? ಆ ತಿಂಗಳು ಎರಡು ದಿನದ ಗುಳಿಗೆ ಉಳಿದವು. ಉಳಿದದ್ದನ್ನು ನೋಡಿ ಅಂಬುಬಾಯಿಗೆ ಭಕ್ತಿ ಹೆಚ್ಚಿತು. ಎಂದೋ ಬಿಟ್ಟಿದ್ದ ವಿಷ್ಣುಪಂಚಕದ ವ್ರತ ಮತ್ತೆ ಹಿಡಿದರು, ಹುಣ್ಣಿಮೆ ಅಮಾವಾಸ್ಯೆ ಶ್ರವಣ ನಕ್ಷತ್ರ ಎಲ್ಲ ಸೇರಿದವು. ಶನಿವಾರಗಳು ಸೇರಿದವು. ಸಂಕಷ್ಟಿ ಬಂತು. ಕೊನೆಗೆ ಯಾವ ಪಂಚಾಂಗದಲ್ಲೂ ಇಲ್ಲದ ಉಪವಾಸಗಳು ಉಪ್ಪಲ್‌ನ ಆ ಮನೆಯಲ್ಲಿ ಹುಟ್ಟಿಕೊಂಡವು. ಊಟ ಮಾಡಿ ಗುಳಿಗೆ ಮಾತ್ರ ಬಿಟ್ಟರೆ ದೇವರಿಗೆ ಸುಳ್ಳು ಹೇಳಿದ ಹಾಗಾಗುತ್ತದೆಂದು ಅವರು ಖರೇ ಖರೇ ಹೊಟ್ಟೆಗೂ ಏನೂ ಹಾಕುತ್ತಿರಲಿಲ್ಲ. ದೇವರಿಗೆ ಮೋಸವಾಗಲಿಲ್ಲ. ಆದದ್ದೆಲ್ಲ ರಕ್ತದೊತ್ತಡಕ್ಕೆ.

ಪ್ರಿಯಂವದಾ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ತಿಥಿ ಗೊತ್ತಿಲ್ಲ, ನಕ್ಷತ್ರ ಗೊತ್ತಿಲ್ಲ. "ನಮ್ಮ ಅತ್ತಿ ಭಾಳ ದೈವಭಕ್ತರು" ಎಂದು ಆಫೀಸಿನಲ್ಲಿ ಹೇಳಿಕೊಂಡಿದ್ದಳು.

ಒಂದು ಬೆಳಿಗ್ಗೆ ಅವಳು ಮೆಟ್ರೊ ಹಿಡಿಯುವ ಅವಸರದಲ್ಲಿ ಡಬ್ಬಿ ಕಟ್ಟುತ್ತಿದ್ದಳು. ಬಚ್ಚಲಲ್ಲಿ ಅಂಬುಬಾಯಿ ಮೊಮ್ಮಗಳು ಧನಶ್ರೀಗೆ ನೀರು ಹಾಕಿ ಮುಗಿಸಿದ್ದರು. ವರ್ಷ ತುಂಬಿದ ಕೂಸು, ಮೈತುಂಬ ಎಣ್ಣೆ, ಕೈಯಲ್ಲಿ ಹಿಡಿದರೆ ಮೀನು. ಎತ್ತಲು ಬಗ್ಗಿದಾಗ ನೆಲ ಒಮ್ಮೆ ಓರೆಯಾಯಿತು. ಅಂಬುಬಾಯಿಗೆ ಗೋಡೆ ಕಾಣಲಿಲ್ಲ, ಬಾಗಿಲು ಕಾಣಲಿಲ್ಲ. ಕೂಸಿನ ರಟ್ಟೆ ಮಾತ್ರ ಬಿಡಲಿಲ್ಲ. ಅದನ್ನು ಎದೆಗೆ ಅವಚಿಕೊಂಡು ಒದ್ದೆ ನೆಲದ ಮೇಲೆ ದೊಪ್ಪನೆ ಕೂತುಬಿಟ್ಟರು.

ಸದ್ದಿಗೆ ಓಡಿ ಬಂದ ಪ್ರಿಯಂವದಾ ಮೊದಲು ನೋಡಿದ್ದು ಕೂಸನ್ನೂ ಅಲ್ಲ, ಅತ್ತೆಯನ್ನೂ ಅಲ್ಲ. ತುಂಬಿದ ಬಕೀಟು, ಹೊಸ್ತಿಲ ಕಲ್ಲಿನ ಚೂಪು ಅಂಚು, ಬಿಸಿನೀರಿನ ನಲ್ಲಿ. ಆಗದೇ ಹೋದದ್ದೆಲ್ಲ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಆಗಿಹೋಯಿತು. ಧನಶ್ರೀ ಮಾತ್ರ ಅಜ್ಜಿಯ ಮೂಗು ಹಿಡಿದುಕೊಂಡು ನಗುತ್ತಿತ್ತು.

ಸಂಜೆ ಚಹಾ ಕೊಡುತ್ತ ಪ್ರಿಯಂವದಾ ಹೇಳಿದಳು. "ಅತ್ಯಾ, ಸಿಟ್ಟಾಗಬ್ಯಾಡ್ರಿ. ಮುಂದಿನ ತಿಂಗಳಿಂದ ಕೂಸಿನ್ನ ನಮ್ಮ ಆಫೀಸಿನ ಬಾಜೂದ ಡೇಕೇರ್‌ಗೆ ಬಿಡ್ತೀನಿ. ಅಡ್ವಾನ್ಸೂ ಕಟ್ಟೀನಿ."

"ಉಪ್ಪಲ್‌ದಿಂದ ಗಚ್ಚಿಬೌಲಿ ತನಕಾ? ಆ ಗದ್ದಲದಾಗ ಕೂಸಿನ್ನ ಹೊತ್ತುಕೊಂಡು?"

"ಮತ್ತೇನು ಮಾಡ್ಲಿ? ನೀವು ಬಿದ್ರ? ಗ್ಯಾಸ್ ಹಚ್ಚಿದಾಗ ಬಿದ್ರ? ಮೆಟ್ಟಲಾ ಇಳಿಯುವಾಗ ಬಿದ್ರ?"

ಅಂಬುಬಾಯಿ ಚಹಾದ ಕೆನೆ ನೋಡುತ್ತ ಕೂತರು. ಮಧ್ಯಾಹ್ನ ತಮ್ಮ ತೋಳಿನ ಮೇಲೆ ಬೆವರಿ ಮಲಗುವ ಆ ತಲೆಯ ಭಾರ ಇಲ್ಲದೆ ಈ ಮನೆ ಹೇಗಿರುತ್ತದೆಂದು ನೆನೆಯಲು ಹೋಗಿ, ಅರ್ಧಕ್ಕೇ ಬಿಟ್ಟರು.

ಗುಟ್ಟು ರಟ್ಟಾದದ್ದು ಆ ವಾರವೇ. ರಾಯಚೂರಿನಿಂದ ಪ್ರಿಯಂವದಾಳ ತಾಯಿ ವನಜಾ ಫೋನು ಮಾಡಿದ್ದರು. ಸ್ಪೀಕರ್ ಹಾಕಿಕೊಂಡು ಪ್ರಿಯಂವದಾ ಕೂಸಿಗೆ ಉಣಿಸುತ್ತಿದ್ದಳು.

"ಬೀಗಿತ್ತಿ ಊಟ ಆತೇನ?"

"ಇಲ್ಲಮ್ಮ, ಇವತ್ತ ಅವರದು ಉಪವಾಸ."

"ಇವತ್ತ? ಇವತ್ತ ಸಪ್ತಮಿ. ಸಪ್ತಮಿಗೆ ಎಂಥಾ ಉಪವಾಸ?"

"ರಥಸಪ್ತಮಿ ಇರಬೇಕು."

"ಹುಚ್ಚಿ! ಅದು ವರ್ಷಕ್ಕೊಮ್ಮೆ. ಅದಾಗಿ ಮಾವಿನಕಾಯಿ ಉಪ್ಪಿನಕಾಯಿನೂ ಆತು."

ಪ್ರಿಯಂವದಾ ಫೋನು ಇಟ್ಟವಳೇ ದೇವರ ಗೂಡಿನ ಬಳಿಯ ಔಷಧದ ಡಬ್ಬಿ ತೆಗೆದಳು. ಎಂದೋ ಮುಗಿಯಬೇಕಿದ್ದ ಗುಳಿಗೆಗಳು ಅಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ನನಗೊಂದು ಮಾತು ಹೇಳಬಾರದೇನ್ರಿ ಅತ್ಯಾ?"

"ಹೇಳಿದ್ರ ನೀ ರೊಕ್ಕ ಕೊಡ್ತಿದ್ದಿ. ಅದಕ್ಕ ಹೇಳಲಿಲ್ಲ."

ಹೇಮಂತ ಬಂದ. ವಿಷಯ ಕೇಳಿ ಜೇಬಿಗೆ ಕೈ ಹಾಕಿದ. "ಅಮ್ಮ, ಇನ್ನ ಮ್ಯಾಲೆ ನಿನ್ನ ಔಷಧ ನಂದು. ಮುಗೀತು."

"ಮುಗಿಯೂದಿಲ್ಲ," ಅಂಬುಬಾಯಿ ಹೇಳಿದರು. "ಇವತ್ತ ಗುಳಿಗಿ ನಿಂದು ಅಂತಿ. ನಾಳೆ ನನ್ನ ಸೀರಿ, ನಾಡಿದ್ದು ನನ್ನ ಮಾತು."

"ಹಂಗಾದ್ರ ನಾ ಡಾಕ್ಟರಿಗೆ ಕೇಳ್ತೀನಿ, ಕಡಿಮಿ ರೇಟಿಂದು ಕೊಡ್ರಿ ಅಂತ," ಪ್ರಿಯಂವದಾ ಎಂದಳು.

"ಅತ್ತಿಗೆ ಸಸ್ತಾ ಔಷಧ ಕೇಳೋ ಸೊಸಿ ಅಂತ ಹೆಸರು ತೊಗೋತೀ ಏನು?" ಅಂಬುಬಾಯಿ ನೆಟ್ಟಗೆ ಕೂತರು. "ನಾ ಕೇಳ್ತೀನಿ. ನಾನ ಕೇಳಿ, ದಿನಾ ನುಂಗಿ, ಗಟ್ಟಿಯಾಗಿ ನಿಂತು ತೋರಸ್ತೀನಿ. ಆವಾಗ ಕೂಸು ನನ್ನ ಹತ್ತಿರ. ಹೂಂ ಅನ್ನು."

ಪ್ರಿಯಂವದಾ ಕಣ್ಣೊರೆಸಿಕೊಂಡಳು. ಅತ್ತೆ ಯಾರ ಮುಂದೆ ಬೇಕಾದರೂ ಬಾಯಿಬಿಟ್ಟಾರು, ಡಾಕ್ಟರ ಮುಂದೆ ಬಿಡಲಾರರೆಂದು ಅವಳಿಗೆ ಗೊತ್ತಿತ್ತು. ಆದರೂ "ಹೂಂ" ಅಂದಳು.

ದವಾಖಾನೆಯಲ್ಲಿ ಗದ್ದಲ. ಬಾಗಿಲ ಬಳಿ ಹೆಸರು ಕೂಗುವ ಗುರುದೇವಿ ಅತ್ತೆ ಸೊಸೆ ಇಬ್ಬರಿಗೂ ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟಳು. ಧೈರ್ಯ ಬರಲೆಂದು ಅಂಬುಬಾಯಿ ಪಕ್ಕದಲ್ಲಿ ಕೂತ ಸಾವಿತ್ರಿಬಾಯಿಯನ್ನು ಮಾತಿಗೆಳೆದರು. ಸಾವಿತ್ರಿಬಾಯಿ ನಿವೃತ್ತ ಶಾಲಾಮಾಸ್ತರಣಿ, ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮಾತು.

"ಬಾಯಾರ, ಡಾಕ್ಟರು ಔಷಧ ಬರೀವಾಗ ಅದರ ರೇಟು ಹೇಳಬೇಕು ಅಂತೀರೋ ಬ್ಯಾಡ ಅಂತೀರೋ?"

"ಛೆ! ಎಂಥಾ ಮಾತು. ಅವರು ನನ್ನ ಎದಿ ನೋಡ್ಲಿ, ಪರ್ಸ್ ಯಾಕ ನೋಡಬೇಕು? ಹಂಗೇನರ ಕೇಳಿದ್ರ ನಾ ಎದ್ದು ಬರ್ತೀನಿ."

ಎದುರು ಬೆಂಚಿನಲ್ಲಿ ಲಿಂಗಣ್ಣ ಮತ್ತು ಅವನ ಹೆಂಡತಿ ಸಾಬಮ್ಮ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಕಟ್ಟಿದ ಕಟ್ಟಡವನ್ನೇ ಈಗ ಕಾಯುತ್ತಿದ್ದ ಮುದುಕ. ಅವನೂ ತಲೆಯಾಡಿಸಿದ. "ಅಮ್ಮಾರು ಹೇಳಿದ್ದು ಖರೇ ಐತ್ರಿ. ರೇಟು ಕೇಳಿದ್ರ ಇವ ಬಡವ ಅಂತ ಸಸ್ತಾದ್ದು ಬರೀತಾರ. ಸಸ್ತಾ ಗುಳಿಗಿ ಸಸ್ತಾ ಕೆಲಸಾನ ಮಾಡ್ತೈತಿ."

"ಹೌದಪಾ, ಭಾಳ ಶಾಣ್ಯಾ," ಸಾಬಮ್ಮ ಸೆರಗು ಕೊಡವಿದಳು. "ಅದಕ್ಕ ತುಟ್ಟಿ ಗುಳಿಗಿ ತಂದು ಒಂದಿನ ನೀ ನುಂಗೂದು, ಒಂದಿನ ನಾ ನುಂಗೂದು. ಹೇಳು, ಎಲ್ಲಾರ ಮುಂದ ಹೇಳು."

ಲಿಂಗಣ್ಣ ಮೀಸೆಯೊಳಗೆ ಮುಖ ಮುಚ್ಚಿಕೊಂಡ. "ಇಬ್ಬರಿಗೂ ಬಿ.ಪಿ. ಐತಿ. ಮನಿ ಒಂದ, ಗುಳಿಗಿನೂ ಒಂದ ಅಂತ..."

ಅಂಬುಬಾಯಿಗೆ ನಗು ಬರಬೇಕಿತ್ತು. ಬರಲಿಲ್ಲ. ಆಗ ಸಾವಿತ್ರಿಬಾಯಿ ತಮ್ಮ ಕೈಚೀಲದ ಜಿಪ್ಪನ್ನು ಸುಮ್ಮನೆ ಎಳೆದರು, ಮುಚ್ಚಿದರು, ಮತ್ತೆ ಎಳೆದರು. ಒಳಗೆ ಹಿತ್ತಾಳೆಯ ಅಡಕೊತ್ತು ಇಣುಕಿತು.

"ಅಡಕಿ ಹಾಕ್ತೀರೇನ್ರಿ?" ಅಂಬುಬಾಯಿ ಕೇಳಿದರು.

"ಇಲ್ಲ," ಸಾವಿತ್ರಿಬಾಯಿ ದನಿ ತಗ್ಗಿಸಿದರು. "ಗುಳಿಗಿ ಅರ್ಧ ಮಾಡ್ಲಿಕ್ಕೆ. ಇದರಾಗ ಛೊಲೋ ತುಂಡಾಗ್ತದ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಡಕೊತ್ತಿನ ಅರ್ಧ ಗುಳಿಗೆ, ಒಂದು ದಿನ ಬಿಟ್ಟು ಒಂದು ದಿನದ ಸಂಸಾರ, ಸಪ್ತಮಿಯ ಉಪವಾಸ. ಎಲ್ಲರೂ ಡಾಕ್ಟರ ಕೈಗುಣ ಕಾಪಾಡುತ್ತ ಕೂತವರೇ ಎಂದು ಅಂಬುಬಾಯಿಗೆ ಅನ್ನಿಸಿತು.

"ಅಂಬುಬಾಯಿ ನರಸಿಂಹರಾವ್!" ಗುರುದೇವಿ ಕೂಗಿದಳು.

ಒಳಗೆ ಹೋದ ಕೂಡಲೇ ಹಳೆಯ ಕಾನೂನು ಬಂದು ಗಂಟಲಲ್ಲಿ ಕೂತಿತು. ಡಾಕ್ಟರ್ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರು. ಮುಖ ಗಂಟು ಹಾಕಿದರು. ಮತ್ತೆ ಗಾಳಿ ಹಾಕಿದರು.

"ಗುಳಿಗಿ ಬರೋಬರಿ ತೊಗೊಳ್ಳಾಕತ್ತೀರೇನ್ರಿ ಅಮ್ಮಾ?"

"ಹೂಂ ರಿ," ಬಾಯಿ ತಾನಾಗಿ ಹೇಳಿಬಿಟ್ಟಿತು.

"ಆದರೂ ಬಿ.ಪಿ. ಇಳದಿಲ್ಲ. ಇನ್ನೊಂದು ಗುಳಿಗಿ ಸೇರಸ್ತೀನಿ." ಡಾಕ್ಟರ ಪೆನ್ನು ಚೀಟಿಯ ಮೇಲೆ ಇಳಿಯಿತು.

ಪ್ರಿಯಂವದಾ ಬಾಯಿ ತೆರೆದಳು. ಅಂಬುಬಾಯಿ ಅವಳ ಕೈಯನ್ನು ಅದುಮಿ ಹಿಡಿದರು. ಬಚ್ಚಲಿನಲ್ಲಿ ಕೂಸಿನ ರಟ್ಟೆ ಹಿಡಿದಿದ್ದರಲ್ಲ, ಅದೇ ಹಿಡಿತ. ಆಮೇಲೆ ಎಷ್ಟೋ ವರ್ಷದ ಹಿಂದೆ ಎಕ್ಸ್‌ಚೇಂಜಿನಲ್ಲಿ ಇಳಿಸಿಟ್ಟು ಬಂದ ಹೆಡ್‌ಸೆಟ್ಟನ್ನು ಮತ್ತೆ ಏರಿಸಿಕೊಂಡವರ ಹಾಗೆ ಕತ್ತು ನೆಟ್ಟಗೆ ಮಾಡಿದರು.

"ಡಾಕ್ಟ್ರ, ಒಂದು ನಿಮಿಷ ಲೈನ್ ಹೋಲ್ಡ್ ಮಾಡ್ರಿ."

ಪೆನ್ನು ನಿಂತಿತು. ಆ ದನಿ ಬಾಗಿಲಿನಾಚೆಗೂ ಹೋಯಿತು. ಹೊರಗೆ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

"ನಾ ಸುಳ್ಳು ಹೇಳಿದೆ. ಗುಳಿಗಿ ದಿನಾ ತೊಗೊಂಡಿಲ್ಲ. ಉಪವಾಸ ಅಂತ ಹೇಳಿ ಬಿಟ್ಟೀನಿ. ಯಾಕಂದ್ರ ಅವು ತುಟ್ಟಿ ಅವ, ನನ್ನ ಬಡ್ಡಿ ರೊಕ್ಕ ಮುಟ್ಟೂದಿಲ್ಲ. ಇಷ್ಟು ದಿನ ನಿಮಗ ಹೇಳಲಿಲ್ಲ. ನಮ್ಮ ಯಜಮಾನರು ಡಾಕ್ಟರ ಮುಂದ ರೇಟಿನ ಮಾತು ಆಡಬಾರದು ಅಂತಿದ್ರು. ಆದರ ನಾ ಟ್ರಂಕ್ ಎಕ್ಸ್‌ಚೇಂಜಿನಾಗ ಕೂತಾಕಿ. ಯಾರು ಕಾಲ್ ಬುಕ್ ಮಾಡಿದ್ರೂ ಲೈನ್ ಕೊಡೂಕಿಂತ ಮೊದಲು ಚಾರ್ಜ್ ಹೇಳ್ತಿದ್ದೆ. ಹೇಳಿದ್ದಕ್ಕ ಒಬ್ಬರೂ ನನ್ನ ಮ್ಯಾಲೆ ಸಿಟ್ಟಾಗಲಿಲ್ಲ. ಈಗ ನೀವು ಹೇಳ್ರಿ, ಈ ಚೀಟಿಯೊಳಗ ಆರ್ಡಿನರಿ ಯಾವುದು, ಅರ್ಜಂಟ್ ಯಾವುದು, ಲೈಟ್ನಿಂಗ್ ಯಾವುದು?"

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟಾದರೇನೋ ಎಂದು ಪ್ರಿಯಂವದಾ ಅತ್ತೆಯ ಹತ್ತಿರ ಸರಿದಳು.

"ಅಮ್ಮಾ, ನಾನೂ ಒಂದು ಹೇಳ್ತೀನಿ ಕೇಳ್ರಿ. ಹೊಸದಾಗಿ ಬಂದಾಗ ಒಬ್ಬ ಹಿರಿಯರಿಗೆ ಕೇಳಿದ್ದೆ, ಈ ಔಷಧ ನಿಮಗ ಭಾರ ಆಗ್ತದೇನು ಅಂತ. ಅವರು ನಮ್ಮನ್ನ ಭಿಕಾರಿ ಅಂತ ತಿಳದೀ ಏನು ಅಂತ ಎದ್ದು ಹೋದ್ರು, ತಿರುಗಿ ಬರಲಿಲ್ಲ. ಅವತ್ತಿಂದ ನಾ ಬಾಯಿ ಮುಚ್ಚೀನಿ. ನೀವಾರ ಮೊದಲ ಹೇಳಿದ್ದರ?"

"ನೀವಾರ ಮೊದಲ ಕೇಳಿದ್ದರ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಡಾಕ್ಟರು.

ಚೀಟಿಯನ್ನು ಇಬ್ಬರ ನಡುವೆ ಇಟ್ಟುಕೊಂಡು ಅವರು ಒಂದೊಂದೇ ಸಾಲಿಗೆ ಬೆರಳಿಟ್ಟರು. "ಇದು ನಿಮ್ಮ ಲೈಟ್ನಿಂಗ್. ಇದನ್ನ ಬದಲಿಸೂದಿಲ್ಲ, ಒಂದು ದಿನಾನೂ ಬಿಡೂ ಹಂಗಿಲ್ಲ. ಇದು ಸುಮ್ಮನ ಹೆಸರಿಗೆ ಅರ್ಜಂಟ್. ಅದೇ ಔಷಧ ಬೇರೆ ಹೆಸರಿನಾಗ ಭಾಳ ಕಡಿಮಿಗೆ ಸಿಗ್ತದ, ಅದನ್ನ ಬರೀತೀನಿ. ಇದು ಶಕ್ತಿ ಗುಳಿಗಿ, ಎರಡು ಹೊತ್ತು ಊಟ ಮಾಡಿದ್ರ ಇದು ಬ್ಯಾಡ." ಆಗ ತಾನೇ ಬರೆಯತೊಡಗಿದ್ದ ಹೊಸ ಗುಳಿಗೆಯ ಮೇಲೆ ಅಡ್ಡಗೆರೆ ಎಳೆದರು. "ಇದು ಬೇಕಾಗಿರಲಿಲ್ಲ. ಇದ್ದದ್ದನ್ನ ನುಂಗಿದ್ರ ಸಾಕಾಗಿತ್ತು."

"ಸಸ್ತಾದ್ದು ಸಸ್ತಾ ಕೆಲಸ ಮಾಡೂದಿಲ್ಲ ಹೌದಲ್ಲ?" ಅಂಬುಬಾಯಿ ಹೊರಗಿನ ಲಿಂಗಣ್ಣನಿಗೆ ಕೇಳಿಸಲೆಂದೇ ದನಿ ಎತ್ತರಿಸಿದರು.

"ಅದೇ ಔಷಧ ರಿ. ನಮ್ಮ ತಾಯಿಗೂ ಅದನ್ನ ಕೊಡ್ತೀನಿ."

"ಮತ್ತ ಏಕಾದಶಿಗೆ?"

"ಗುಳಿಗಿಗೆ ಏಕಾದಶಿ ಇಲ್ಲ. ಒಂದು ಗುಟುಕು ನೀರು ಕುಡೀರಿ."

ಅಂಬುಬಾಯಿ ಒಪ್ಪಿದರು. "ತೀರ್ಥ ಅಂತ ತಿಳಕೊಂಡು ನುಂಗ್ತೀನಿ. ನಿಮ್ಮ ಕೈಗುಣ ಏನೂ ಹೋಗಿಲ್ಲಲ್ಲ?"

"ಗುಳಿಗಿ ಡಬ್ಬಿಯೊಳಗ ಕೂತಿದ್ರ ಯಾವ ಕೈಗುಣ ಏನು ಮಾಡ್ತದ್ರಿ ಅಮ್ಮಾ?"

ಬಾಗಿಲು ತೆರೆದರೆ ಹೊರಗೆ ಇಡೀ ಬೆಂಚು ಎದ್ದು ನಿಂತಿತ್ತು. ಒಳಗಿನದನ್ನೆಲ್ಲ ಅವರು ಕೇಳಿಸಿಕೊಂಡಿದ್ದರು. ಕೇಳಿಸಿಕೊಳ್ಳದಿರಲು ದಾರಿಯೇ ಇರಲಿಲ್ಲ. ಸಾಬಮ್ಮ ಗಂಡನ ಬೆನ್ನಿಗೆ ಕೈ ಇಟ್ಟು ನೂಕಿದಳು. "ನಡಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಗುಳಿಗಿ ಕೇಳು. ಆ ಅಕ್ಕಾರು ಕೇಳಿದಂಗ ಕೇಳು." ಲಿಂಗಣ್ಣ ಅಂಬುಬಾಯಿಯ ಹತ್ತಿರ ಬಗ್ಗಿ, "ಅಕ್ಕಾರ, ಮೊದಲು ಏನು ಹೋಲ್ಡ್ ಮಾಡ್ರಿ ಅನ್ನಬೇಕ್ರಿ?" ಎಂದು ಪಾಠ ಹೇಳಿಸಿಕೊಂಡು ಹೋದ.

ಸಾವಿತ್ರಿಬಾಯಿ ಮಾತ್ರ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದರು. "ಎದ್ದು ಬರ್ತೀನಿ ಅಂದಿದ್ರಿ?" ಅಂಬುಬಾಯಿ ಕೆಣಕಿದರು.

"ಎದ್ದೀನಿ ನೋಡ್ರಿ," ಎಂದು ಸಾವಿತ್ರಿಬಾಯಿ ನಿಜವಾಗಿ ಎದ್ದರು. "ಒಳಗ ಹೋಗ್ಲಿಕ್ಕೆ."

ಮೆಟ್ಟಿಲಿಳಿಯುವಾಗ ಪ್ರಿಯಂವದಾ ಅತ್ತೆಯ ತೋಳು ಹಿಡಿದಿದ್ದಳು. ಅರ್ಧ ಇಳಿದ ಮೇಲೆ ನೋಡಿದರೆ, ಅತ್ತೆಯೇ ಅವಳನ್ನು ಹಿಡಿದು ಇಳಿಸುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಅಂಬುಬಾಯಿ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಕೊತ್ತಂಬರಿಯವನ ಹತ್ತಿರ ಮಾತಾಡುವ ದನಿಯಲ್ಲೇ ಪ್ರತಿಯೊಂದಕ್ಕೂ ರೇಟು ಕೇಳಿ, ತಮ್ಮ ಪರ್ಸಿನಿಂದ ತಾವೇ ಕೊಟ್ಟರು. ಪರ್ಸು ಮುಚ್ಚುವಾಗ ಒಳಗೆ ಇನ್ನೂ ನೋಟುಗಳಿದ್ದವು.

ತಿಂಗಳು ಮುಗಿಯುವ ಮೊದಲು ಮತ್ತೆ ಪಟ್ಟಿ ಕಟ್ಟಿದಾಗ ಡಾಕ್ಟರ ಮುಖದಲ್ಲಿ ಗಂಟು ಬೀಳಲಿಲ್ಲ. ಮನೆಗೆ ಬಂದು ಪ್ರಿಯಂವದಾ ಡೇಕೇರಿಗೆ ಫೋನು ಮಾಡಿ, ಕಟ್ಟಿದ ಅಡ್ವಾನ್ಸ್ ವಾಪಸು ಕೇಳಿದಳು. ಅವರು ಕೊಡಲಾಗದು ಎಂದರು. ಅಂಬುಬಾಯಿ "ಇಲ್ಲಿ ಕೊಡು" ಎಂದು ಫೋನು ಕೈಗೆ ತೆಗೆದುಕೊಂಡರು. ಅಡ್ವಾನ್ಸ್ ಅದೇ ವಾರ ವಾಪಸು ಬಂತು.

ಏಕಾದಶಿಯ ಬೆಳಿಗ್ಗೆ ದೇವರ ಮುಂದೆ ನಿಂತು ಅಂಬುಬಾಯಿ ತೀರ್ಥದ ಜೊತೆ ಗುಳಿಗೆ ನುಂಗಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಪ್ರಿಯಂವದಾ ಅದನ್ನು ಕಣ್ಣಾರೆ ನೋಡಿ, ಕೂಸಿನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು. ಧನಶ್ರೀಯ ತಲೆಯ ಮೇಲೆ ಕೆಂಪು ಅಂಚಿನ ಹೊಸ ಕುಲಾಯಿ. ಉಳಿದ ರೊಕ್ಕದ್ದು.

ಓಡಿದವಳು ಮೆಟ್ರೊದಲ್ಲಿ ಸೀಟು ಸಿಕ್ಕ ಕೂಡಲೇ ಫೋನು ಮಾಡಿದಳು. ಬಕೀಟು ಖಾಲಿ ಮಾಡೀರಾ? ಗ್ಯಾಸಿನ ಕಿವಿ ತಿರುವಿ ಬಂದ್ ಮಾಡೀರಾ? ಬಾಲ್ಕನಿ ಬಾಗಿಲು? ತಲೆ ತಿರುಗಾಕತ್ತದೇನು? ಅನ್ನದಾಗ ಕಲ್ಲು? ಕೂಸು ಸೀನಿತೇನು?

ಅಂಬುಬಾಯಿ ಸೊಂಟದ ಮೇಲೆ ಕೂಸನ್ನು ಏರಿಸಿಕೊಂಡು, ಎಲ್ಲದಕ್ಕೂ ಹೂಂ ಎನ್ನುತ್ತ ಗೋಡೆಯ ಗಡಿಯಾರ ನೋಡುತ್ತಿದ್ದರು. ಆಮೇಲೆ ಆ ದನಿ ಕೆಳಗಿನ ಗಾಡಿಯವನಿಗೂ ಕೇಳಿಸಿತು.

"ಮೂರು ನಿಮಿಷ ಆತ್ರಿ ಬಾಯಾರ. ಎಕ್ಸ್‌ಟೆಂಡ್ ಮಾಡ್ಲೇನು, ಇಲ್ಲಾ ನಿಮ್ಮ ಮಗಳಿಗೆ ಉಣಸ್ಲಿಕ್ಕೆ ಬಿಡ್ತೀರೋ?"